ಆಟದ ಬಯಲಿನಲ್ಲಿ ಅಹಿಂಸೆಯ ಪಾಠ

ಅಹಿಂಸೆ ಎಂಬ ಮಾತು ಬಂದೊಡನೆ ಶ್ರಾವಕರ ಮನೆಯಲ್ಲಿ ನೆನಪಾಗುವುದು ಸೋಸಿ ಕುಡಿಯುವ ನೀರು, ಹೊತ್ತು ಮುಳುಗುವ ಮೊದಲೇ ಮುಗಿಯುವ ಊಟ, ಅಡುಗೆಮನೆಯಿಂದ ದೂರವಿರಿಸಿದ ಗಡ್ಡೆಗೆಣಸು. ಮಕ್ಕಳು ಇವೆಲ್ಲವನ್ನೂ ಹಿರಿಯರನ್ನು ನೋಡಿ ಕಲಿಯುತ್ತಾರೆ. ಹಾದಿಯ ಇರುವೆಯನ್ನು ತುಳಿಯದೆ ದಾಟುವುದನ್ನೂ ಕಲಿಯುತ್ತಾರೆ. ಆದರೆ ಅದೇ ಮಗು ಶಾಲೆಯ ಆಟದ ಬಯಲಿಗೆ ಇಳಿದಾಗ, ಹಿರಿಯರ ಕಣ್ಣು ಅಷ್ಟಾಗಿ ಬೀಳದ ಒಂದು ಗಳಿಗೆಯಲ್ಲಿ ಅದರ ಅಹಿಂಸೆಗೆ ನಿಜವಾದ ಪರೀಕ್ಷೆ ಎದುರಾಗುತ್ತದೆ. ಆ ಗಳಿಗೆ ಆಟ ಆರಂಭವಾದ ಮೇಲಿನದಲ್ಲ. ಆಟಕ್ಕೆ ಮುನ್ನ ಗುಂಪು ಕಟ್ಟುವ ಐದು ನಿಮಿಷಗಳದ್ದು.

ಆ ಐದು ನಿಮಿಷಗಳ ಚಿತ್ರ ಬಹುತೇಕ ಶಾಲೆಗಳಲ್ಲಿ ಒಂದೇ ಬಗೆಯದು. ದೈಹಿಕ ಶಿಕ್ಷಕರು ಸೀಟಿ ಊದುತ್ತಾರೆ. ತರಗತಿಯಲ್ಲಿ ಚುರುಕಾದ ಇಬ್ಬರನ್ನು ಮುಂದೆ ಕರೆದು ನಾಯಕರೆಂದು ನಿಲ್ಲಿಸುತ್ತಾರೆ. ಉಳಿದವರು ಸಾಲಾಗಿ ನಿಲ್ಲುತ್ತಾರೆ. ಒಬ್ಬ ನಾಯಕ ಒಂದು ಹೆಸರು ಕೂಗುತ್ತಾನೆ, ಇನ್ನೊಬ್ಬ ಇನ್ನೊಂದು. ಮೊದಲ ನಾಲ್ಕೈದು ಹೆಸರುಗಳು ಉತ್ಸಾಹದಿಂದ ಹೊರಬೀಳುತ್ತವೆ. ಕರೆಸಿಕೊಂಡವರು ಓಡಿಹೋಗಿ ನಾಯಕನ ಬೆನ್ನ ಹಿಂದೆ ನಿಲ್ಲುತ್ತಾರೆ. ಸಾಲು ತೆಳುವಾಗುತ್ತ ಬಂದಂತೆ ಕೂಗುವ ದನಿಯಲ್ಲಿ ಅನುಮಾನ ಸೇರುತ್ತದೆ. ಕೊನೆಗೆ ಇಬ್ಬರೋ ಒಬ್ಬರೋ ಉಳಿಯುತ್ತಾರೆ. ಸ್ವಲ್ಪ ದಪ್ಪನಾದ ಹುಡುಗ, ಕನ್ನಡಕದ ಹುಡುಗಿ, ಹೊಸದಾಗಿ ಊರಿಗೆ ಬಂದು ಸೇರಿದವನು, ಮಾತು ತೊದಲುವವನು. ಆಗ ಕೇಳಿಬರುವ ಮಾತು ಎಲ್ಲರಿಗೂ ಪರಿಚಿತ: “ಇವನು ನಮಗೆ ಬೇಡ, ನೀವೇ ಇಟ್ಟುಕೊಳ್ಳಿ.” ಸಾಲಿನಿಂದ ನಗು ಏಳುತ್ತದೆ. ಸೀಟಿ ಮತ್ತೆ ಊದುತ್ತದೆ, ಆಟ ಶುರುವಾಗುತ್ತದೆ. ಯಾರಿಗೂ ಪೆಟ್ಟಾಗಿಲ್ಲ, ರಕ್ತ ಬಂದಿಲ್ಲ. ಆದ್ದರಿಂದ ಏನೂ ಆಗಲಿಲ್ಲವೆಂದೇ ಎಲ್ಲರೂ ತಿಳಿಯುತ್ತಾರೆ.

ಏನೂ ಆಗಲಿಲ್ಲವೇ ಎಂಬುದೇ ಇಲ್ಲಿಯ ಪ್ರಶ್ನೆ.

ಗಾಯ ಕಾಣದ ಹಿಂಸೆ

ಜೈನಾಚಾರ್ಯರು ಹಿಂಸೆಯನ್ನು ದ್ರವ್ಯಹಿಂಸೆ, ಭಾವಹಿಂಸೆ ಎಂದು ಎರಡಾಗಿ ಬಿಡಿಸಿ ತೋರಿದ್ದಾರೆ. ದೇಹಕ್ಕೆ ತಗಲುವ ಪೆಟ್ಟು ಮೊದಲನೆಯದು; ಕಷಾಯದಿಂದ ಕಲುಷಿತವಾದ ಪರಿಣಾಮ ಎರಡನೆಯದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದದಿಂದ ಪ್ರಾಣಗಳಿಗೆ ಆಗುವ ಘಾತವನ್ನೇ ಮುಂದಿಡುತ್ತಾರೆ. ಇಲ್ಲಿ ಪ್ರಾಣ ಎಂದರೆ ಉಸಿರು ಮಾತ್ರವಲ್ಲ. ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಆಯುಷ್ಯ, ಶ್ವಾಸೋಚ್ಛ್ವಾಸ ಎಂದು ಪ್ರಾಣಗಳು ಹತ್ತು. ಈ ಎಣಿಕೆಯಲ್ಲಿ ಮನೋಬಲಕ್ಕೆ ಸ್ಥಾನವಿರುವುದನ್ನು ಗಮನಿಸಬೇಕು. ವಾರಕ್ಕೆರಡು ಬಾರಿ, ಗೆಳೆಯರೆಲ್ಲರ ಎದುರಿನಲ್ಲಿ, “ನೀನು ಯಾರಿಗೂ ಬೇಡ” ಎಂಬ ತೀರ್ಪನ್ನು ಕೇಳುತ್ತ ಬೆಳೆಯುವ ಮಗುವಿನಲ್ಲಿ ಕುಂದುವುದು ಈ ಮನೋಬಲವೇ. ಆಮೇಲೆ ಅದು ಆಟದ ಅವಧಿ ಬಂದಾಗಲೆಲ್ಲ ಹೊಟ್ಟೆನೋವು ಎನ್ನುತ್ತದೆ. ಮರದ ನೆರಳಿನಲ್ಲಿ ಕುಳಿತು ಇತರರ ಚೀಲ ಕಾಯುವ ಕೆಲಸವನ್ನು ತಾನಾಗಿಯೇ ಕೇಳಿ ಪಡೆಯುತ್ತದೆ. ಆಡದೆ ಇರುವುದರಿಂದ ಆಟ ಬರುವುದಿಲ್ಲ; ಆಟ ಬಾರದ್ದರಿಂದ ಮತ್ತೆ ಯಾರೂ ಕರೆಯುವುದಿಲ್ಲ. ಹೀಗೆ ಒಂದು ಸುಳಿ ಏರ್ಪಡುತ್ತದೆ.

ಈ ಹಿಂಸೆಗೆ ಹೊಣೆ ಯಾರು? ಹೆಸರು ಕೂಗಿದ ಹನ್ನೆರಡು ವರ್ಷದ ನಾಯಕನೊಬ್ಬನೇ ಎನ್ನುವುದು ಸುಲಭದ ಉತ್ತರ. ಜೈನಶಾಸ್ತ್ರದ ಲೆಕ್ಕ ಅಷ್ಟು ಸುಲಭವಾಗಿ ಯಾರನ್ನೂ ಬಿಟ್ಟುಕೊಡುವುದಿಲ್ಲ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನಸ್ಸು, ಮಾತು, ಕಾಯ ಎಂಬ ಮೂರು. ಕೃತ, ಕಾರಿತ, ಅನುಮತ ಎಂಬ ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು. ಇವುಗಳನ್ನು ಗುಣಿಸಿದರೆ ಪಾಪ ಒಳಬರುವ ಬಾಗಿಲುಗಳು 108 ಆಗುತ್ತವೆ. ಜಪಮಾಲೆಯ ಮಣಿಗಳನ್ನು ಈ ಲೆಕ್ಕಕ್ಕೆ ಹೊಂದಿಸಿ ಹೇಳುವ ರೂಢಿಯೂ ಇದೆ. ಆಟದ ಬಯಲಿಗೆ ಈ ಲೆಕ್ಕವನ್ನು ತಂದು ನೋಡಿದರೆ, “ಬೇಡ” ಎಂದ ನಾಯಕನದು ಕೃತ. ಅದನ್ನು ಕೇಳಿ ನಕ್ಕ ಸಾಲಿನದು ಅನುಮತ. ಹಾಗೆ ಆರಿಸುವ ಪದ್ಧತಿಯನ್ನೇ ಏರ್ಪಡಿಸಿ, ಬೇರೆ ದಾರಿಯನ್ನು ಯೋಚಿಸದೆ ದಾಖಲೆ ಪುಸ್ತಕ ತುಂಬುತ್ತ ನಿಂತ ಹಿರಿಯರದು ಕಾರಿತ. ಮಗುವಿನ ತಪ್ಪಿಗಿಂತ ವ್ಯವಸ್ಥೆಯ ಪ್ರಮಾದ ಇಲ್ಲಿ ದೊಡ್ಡದು.

ಬಲದ ಮದ, ದೇಹದ ಮದ

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಹೆಸರಿಸುತ್ತಾರೆ: ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ದೇಹ. ತರಗತಿಯ ಕೋಣೆಯಲ್ಲಿ ಜ್ಞಾನದ ಮದಕ್ಕೆ ಅವಕಾಶ ಹೆಚ್ಚು. ಬಯಲಿನಲ್ಲಿ ಬಲದ ಮದಕ್ಕೂ ದೇಹದ ಮದಕ್ಕೂ ಹೆಚ್ಚು. ಕೆಲವೊಮ್ಮೆ ಕುಲ, ಜಾತಿ, ಸಿರಿಗಳ ಮದವೂ ಸದ್ದಿಲ್ಲದೆ ಬಂದು ಸೇರುತ್ತದೆ. ಯಾರ ಕೈ ಹಿಡಿಯಬೇಕು, ಯಾರ ಪಕ್ಕದಲ್ಲಿ ಕೂರಬೇಕು ಎಂಬುದನ್ನು ಆಟದ ಚುರುಕಿಗಿಂತ ಕೇರಿಯ ಗುರುತು ನಿರ್ಧರಿಸುತ್ತದೆ. ಗೆಳೆಯನೆಂಬ ಒಂದೇ ಕಾರಣಕ್ಕೆ ಒಬ್ಬನನ್ನು ಮೊದಲು ಕರೆದರೆ ಅದು ರಾಗ. ನಿನ್ನೆಯ ಜಗಳಕ್ಕಾಗಿ ಒಬ್ಬನನ್ನು ಕೊನೆಗೆ ಉಳಿಸಿದರೆ ಅದು ದ್ವೇಷ. ಕರ್ಮಬಂಧಕ್ಕೆ ಕಾರಣವೆಂದು ಪ್ರವಚನಗಳಲ್ಲಿ ಕೇಳುವ ಈ ಎರಡು ಪದಗಳನ್ನು ಮಕ್ಕಳು ಬಯಲಿನಲ್ಲಿ ದಿನವೂ ಬದುಕುತ್ತಿರುತ್ತಾರೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಯಾವ ನಡೆಯಿಂದ ಯಾವ ಕರ್ಮದ ಆಸ್ರವ ಎಂಬುದನ್ನು ವಿವರಿಸುತ್ತದೆ. ಪರರನ್ನು ನಿಂದಿಸುವುದು, ತನ್ನನ್ನು ಹೊಗಳಿಕೊಳ್ಳುವುದು, ಇನ್ನೊಬ್ಬರಲ್ಲಿರುವ ಗುಣವನ್ನು ಮುಚ್ಚುವುದು, ತನ್ನಲ್ಲಿ ಇಲ್ಲದ್ದನ್ನು ಮೆರೆಸುವುದು ನೀಚಗೋತ್ರಕ್ಕೆ ಕಾರಣವೆಂದು ಅಲ್ಲಿ ಹೇಳಿದೆ. ಅದೇ ಅಧ್ಯಾಯ ಪರರಿಗೆ ವಿಘ್ನ ಒಡ್ಡುವುದು ಅಂತರಾಯ ಕರ್ಮಕ್ಕೆ ಕಾರಣವೆನ್ನುತ್ತದೆ. ಅಂತರಾಯ ಐದು ಬಗೆ: ದಾನ, ಲಾಭ, ಭೋಗ, ಉಪಭೋಗ ಮತ್ತು ವೀರ್ಯ. ವೀರ್ಯವೆಂದರೆ ಶಕ್ತಿ, ಉತ್ಸಾಹ. ಇನ್ನೊಂದು ಜೀವ ತನ್ನ ಶಕ್ತಿಯನ್ನು ಪ್ರಯೋಗಿಸಲು ಮುಂದಾದಾಗ ಅದನ್ನು ತಡೆಯುವುದು ತನ್ನ ಶಕ್ತಿಗೇ ಕಟ್ಟಿಕೊಳ್ಳುವ ಕಟ್ಟು. ಓಡಲು ಕಾತರಗೊಂಡ ಮಗುವನ್ನು “ನೀನು ಕೂತಿರು” ಎಂದು ಬದಿಗೆ ಸರಿಸುವಾಗ ನಡೆಯುವುದು ಇದೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಓಡಲಾರದ ಮಗುವನ್ನು ಕಂಡು “ಅದರ ಕರ್ಮ” ಎಂದು ಕೈಚೆಲ್ಲುವವರುಂಟು. ದೇಹದ ಆಕಾರ ನಾಮಕರ್ಮದ ಫಲವೆಂಬುದು ಸಿದ್ಧಾಂತವೇನೋ ಹೌದು. ಆದರೆ ಕರ್ಮಸಿದ್ಧಾಂತ ತನ್ನನ್ನು ತಾನು ನೋಡಿಕೊಳ್ಳಲು ಹಿಡಿದ ಕನ್ನಡಿ. ಎದುರಿನವರ ಮೇಲೆ ಎಸೆಯುವ ಕಲ್ಲಲ್ಲ. ಪುರುಷಾರ್ಥಕ್ಕೆ ಎಡೆಯಿಲ್ಲದಿದ್ದರೆ ಮೋಕ್ಷಮಾರ್ಗಕ್ಕೇ ಅರ್ಥವಿರುತ್ತಿರಲಿಲ್ಲ. ಮಗುವಿನ ಪುರುಷಾರ್ಥಕ್ಕೆ ನಿಮಿತ್ತವಾಗಿ ನಿಲ್ಲುವುದು ಹಿರಿಯರ ಧರ್ಮ.

ಆರಿಸುವುದೇ ತಪ್ಪೇ?

ಹಾಗಾದರೆ ಆಟದಲ್ಲಿ ಆಯ್ಕೆಯೇ ಕೂಡದೆ? ಅನೇಕಾಂತ ದೃಷ್ಟಿ ಇಲ್ಲಿ ದಾರಿ ತೋರುತ್ತದೆ. ವ್ಯವಹಾರನಯದಿಂದ ನೋಡಿದರೆ ಒಬ್ಬ ವೇಗವಾಗಿ ಓಡುತ್ತಾನೆ, ಇನ್ನೊಬ್ಬ ನಿಧಾನ, ಇದು ಸುಳ್ಳಲ್ಲ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಶಾಲೆಯ ತಂಡ ಕಟ್ಟುವಾಗ ಓಟ, ಹಿಡಿತ, ಅಭ್ಯಾಸಕ್ಕೆ ಬಂದ ದಿನಗಳು ಇವನ್ನು ಅಳೆದು ಆರಿಸುವುದು ನ್ಯಾಯವೇ. ಅಲ್ಲಿ ಅಳತೆಗೋಲು ಎಲ್ಲರಿಗೂ ಮೊದಲೇ ತಿಳಿದಿರಬೇಕು, ಅಷ್ಟೆ. ನಿಶ್ಚಯನಯದಿಂದ ನೋಡಿದರೆ ಸಾಲಿನಲ್ಲಿ ನಿಂತ ಪ್ರತಿಯೊಂದು ಜೀವವೂ ಅನಂತವೀರ್ಯದ ಒಡೆಯ, ಅದೂ ಸುಳ್ಳಲ್ಲ. ಆಟದ ಅವಧಿ ಪಂದ್ಯವಲ್ಲ, ಪಾಠ. ಗಣಿತ ಬಾರದ ಮಗುವನ್ನು ಗಣಿತದ ತರಗತಿಯಿಂದ ಹೊರಗೆ ಕೂರಿಸುವುದನ್ನು ಯಾರೂ ಒಪ್ಪುವುದಿಲ್ಲ. ಆಟ ಬಾರದ ಮಗುವನ್ನು ಆಟದ ತರಗತಿಯಿಂದ ಹೊರಗೆ ಕೂರಿಸುವುದು ಮಾತ್ರ ಹೇಗೆ ಸಹಜವೆನಿಸಿತು? ಒಂದು ನಯವನ್ನೇ ಹಿಡಿದು ಇನ್ನೊಂದನ್ನು ಮರೆತಾಗ ಇಂಥ ತಪ್ಪು ಸಂಭವಿಸುತ್ತದೆ.

ಸರ್ಕಾರದ ಕಾಯಿದೆಗಳೂ ಇದೇ ದಿಕ್ಕಿನಲ್ಲಿವೆ. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಗೆ ಆಟದ ಬಯಲು ಇರಬೇಕೆನ್ನುವುದರ ಜೊತೆಗೆ, ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಅಂಥ ಮಕ್ಕಳಿಗೆ ಇತರರಿಗೆ ಸಮನಾಗಿ ಕ್ರೀಡೆಯ ಅವಕಾಶ ಕೊಡಬೇಕೆನ್ನುತ್ತದೆ. ಆದರೆ ಕಾಯಿದೆ ಬಾಗಿಲನ್ನು ತೆರೆಯಬಲ್ಲದು. ಒಳಗೆ ಬಂದವನ ಹೆಗಲ ಮೇಲೆ ಕೈ ಹಾಕಲಾರದು. ಅದು ಗೆಳೆಯರ ಕೆಲಸ.

ಖೋ-ಖೋ ಕಲಿಸುವ ಪರಸ್ಪರೋಪಕಾರ

ಜೀವಗಳು ಒಂದಕ್ಕೊಂದು ಉಪಕಾರ ಮಾಡುವುದೇ ಅವುಗಳ ಸಹಜ ಕಾರ್ಯ ಎಂಬುದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದ ಪ್ರಸಿದ್ಧ ಬೋಧೆ. ಈ ಬೋಧೆಗೆ ಖೋ-ಖೋ ಆಟಕ್ಕಿಂತ ಒಳ್ಳೆಯ ವ್ಯಾಖ್ಯಾನ ಸಿಗುವುದು ಕಷ್ಟ. ಅಟ್ಟುವ ತಂಡದಲ್ಲಿ ಒಂಬತ್ತು ಮಂದಿ. ಎಂಟು ಮಂದಿ ನಡುವಿನ ಪಟ್ಟಿಯಲ್ಲಿ, ಒಬ್ಬರು ಒಂದು ಕಡೆಗೆ, ಪಕ್ಕದವರು ಇನ್ನೊಂದು ಕಡೆಗೆ ಮುಖಮಾಡಿ ಕೂರುತ್ತಾರೆ, ಒಂಬತ್ತನೆಯವನು ಓಡುತ್ತಾನೆ. ಅವನು ಎಷ್ಟೇ ವೇಗದವನಾಗಿದ್ದರೂ ಹಿಡಿದ ದಿಕ್ಕನ್ನು ನಡುವೆಯೇ ಬದಲಿಸುವಂತಿಲ್ಲ. ಕೂತವರ ನಡುವೆ ನುಗ್ಗಿ ಆಚೆ ಕಡೆಗೆ ಹೋಗುವಂತಿಲ್ಲ. ಓಡುವವನು ಆಚೆಗೆ ಜಾರಿದರೆ, ಕೂತವನೊಬ್ಬನ ಬೆನ್ನು ಮುಟ್ಟಿ “ಖೋ” ಎಂದು ತನ್ನ ಓಟವನ್ನೇ ಒಪ್ಪಿಸಿ ಅವನ ಜಾಗದಲ್ಲಿ ತಾನು ಕೂರಬೇಕು. ಎಂಟು ಮಂದಿಯಲ್ಲಿ ಒಬ್ಬನನ್ನು “ಇವನಿಗೆ ಬಾರದು” ಎಂದು ಬಿಟ್ಟುಬಿಟ್ಟರೆ ಎದುರಾಳಿ ಆ ಜಾಗವನ್ನೇ ಹುಡುಕಿ ತಪ್ಪಿಸಿಕೊಳ್ಳುತ್ತಾನೆ. ಅತ್ಯಂತ ಚುರುಕಿನವನ ಗೆಲುವು ಅತ್ಯಂತ ನಿಧಾನದವನ ಬೆನ್ನನ್ನು ಮುಟ್ಟದೆ ಪೂರ್ಣವಾಗುವುದಿಲ್ಲ.

ಕಬಡ್ಡಿಯಲ್ಲಿಯೂ ಇಂಥದೇ ಒಂದು ನಿಯಮವಿದೆ. ಔಟಾಗಿ ಅಂಕಣದ ಹೊರಗೆ ಕುಳಿತವನು ತನ್ನ ತಂಡದ ಇನ್ನೊಬ್ಬನ ಸಾಹಸದಿಂದ ಮತ್ತೆ ಜೀವ ಪಡೆದು ಒಳಗೆ ಬರುತ್ತಾನೆ; ಮೊದಲು ಹೊರಹೋದವನಿಗೇ ಮೊದಲ ಸರದಿ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾದ ಸ್ಥಿತಿಕರಣ, ಎಂದರೆ ಜಾರಿದವನನ್ನು ಮತ್ತೆ ನೆಲೆಗೆ ನಿಲ್ಲಿಸುವುದು, ಇಲ್ಲಿ ಆಟದ ನಿಯಮವೇ ಆಗಿದೆ.

ಸ್ಥಿತಿಕರಣಕ್ಕೆ ಜೈನ ಪರಂಪರೆ ಕೊಡುವ ದೃಷ್ಟಾಂತ ಇಬ್ಬರು ಗೆಳೆಯರದೇ. ಶ್ರೇಣಿಕ ಮಹಾರಾಜನ ಮಗ ವಾರಿಷೇಣ ಮುನಿಯಾದಾಗ ಅವನ ಗೆಳೆಯ ಪುಷ್ಪಡಾಲನೂ ಹಿಂಬಾಲಿಸಿ ದೀಕ್ಷೆ ಪಡೆದ. ಆದರೆ ಅವನ ಮನಸ್ಸು ಮನೆಯಲ್ಲಿ ಬಿಟ್ಟುಬಂದ ಮಡದಿಯಲ್ಲಿಯೇ ನೆಟ್ಟಿತ್ತು. ಹನ್ನೆರಡು ವರ್ಷ ಹೀಗೆ ಕಳೆಯಿತು. ವಾರಿಷೇಣ ಗೆಳೆಯನನ್ನು ಹೀನಾಯವಾಗಿ ಕಾಣಲಿಲ್ಲ, ಸಂಘದ ಎದುರು ಅವನ ದೌರ್ಬಲ್ಯವನ್ನು ಸಾರಲಿಲ್ಲ. ಅವನನ್ನು ಅರಮನೆಗೆ ಕರೆದೊಯ್ದು, ತಾನು ತೊರೆದು ಬಂದ ವೈಭವವನ್ನೆಲ್ಲ ಮುಂದೆ ನಿಲ್ಲಿಸಿ, ಬೇಕಾದರೆ ಇದನ್ನೆಲ್ಲ ಸ್ವೀಕರಿಸು ಎಂದ. ಪುಷ್ಪಡಾಲನಿಗೆ ತಾನಾಗಿಯೇ ಅರಿವು ಮೂಡಿತು. ಅವನು ವ್ರತದಲ್ಲಿ ದೃಢನಾದ. ಹಿಂದೆ ಬಿದ್ದ ಗೆಳೆಯನಿಗಾಗಿ ಹನ್ನೆರಡು ವರ್ಷ ತಾಳಿಕೊಂಡ ಕಥೆಯನ್ನು ಕೇಳಿ ಬೆಳೆದ ಸಮಾಜದಲ್ಲಿ, ನಲವತ್ತು ನಿಮಿಷ ತಾಳಿಕೊಳ್ಳಲು ಮಕ್ಕಳಿಗೆ ಕಲಿಸುವುದು ಅಸಾಧ್ಯವಲ್ಲ.

ಗೆಲುವನ್ನು ಹೇಗೆ ಹಿಡಿಯಬೇಕೆಂಬುದಕ್ಕೂ ನಾಡಿನ ಕಣ್ಣೆದುರಿನಲ್ಲಿ ಒಂದು ಮೂರ್ತಿ ನಿಂತಿದೆ. ಭರತ ಬಾಹುಬಲಿಯರ ನಡುವೆ ಸೇನೆಗಳ ರಕ್ತಪಾತ ಬೇಡವೆಂದು ಮಂತ್ರಿಗಳು ಸೂಚಿಸಿದ್ದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧವೆಂಬ ಮೂರು ಸ್ಪರ್ಧೆಗಳನ್ನು. ಪಂಪ ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣ ಈ ಪ್ರಸಂಗವನ್ನು ಕನ್ನಡಿಗರ ಮನಸ್ಸಿನಲ್ಲಿ ನೆಲೆಗೊಳಿಸಿತು. ಮೂರರಲ್ಲಿಯೂ ಗೆದ್ದ ಬಾಹುಬಲಿ, ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲೆತ್ತಿದರೂ ನೆಲಕ್ಕೆ ಅಪ್ಪಳಿಸಲಿಲ್ಲ. ಸೋತವನ ಮಾನವನ್ನು ಕಾಯುವುದು ಗೆದ್ದವನ ಹೊಣೆಯೆಂದು ಆತ ತಿಳಿದಿದ್ದ. ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಮೂರ್ತಿಯ ಮುಖದಲ್ಲಿ ಗೆಲುವಿನ ಗರ್ವದ ಗೆರೆಯೊಂದೂ ಇಲ್ಲ. ಶಾಲೆಯ ಪ್ರವಾಸದಲ್ಲಿ ಬೆಟ್ಟದ ಮೆಟ್ಟಿಲೇರುವ ಮಕ್ಕಳಿಗೆ ಮೂರ್ತಿಯ ಎತ್ತರವನ್ನು ಹೇಳುವವರು ಈ ಮಾತನ್ನೂ ಸೇರಿಸಿ ಹೇಳಬೇಕು.

ಹಳ್ಳಿಯ ಮಕ್ಕಳ ಹಳೆಯ ಉಪಾಯ

ಕೊನೆಗೆ ಯಾರೂ ಉಳಿಯದಂತೆ ಗುಂಪು ಕಟ್ಟುವ ಜಾಣತನ ಹೊಸದಾಗಿ ಎಲ್ಲಿಂದಲೋ ತರಬೇಕಾದದ್ದಲ್ಲ. ಹಳ್ಳಿಗಳಲ್ಲಿ ಚಿನ್ನಿದಾಂಡು, ಕಬಡ್ಡಿ ಆಡುವ ಮಕ್ಕಳಲ್ಲಿ ಜೋಡಿ ಹೆಸರಿನ ಪದ್ಧತಿ ರೂಢಿಯಲ್ಲಿತ್ತು. ಬಲದಲ್ಲಿ ಹೆಚ್ಚುಕಡಿಮೆ ಸಮನಾದ ಇಬ್ಬರು ಹೆಗಲ ಮೇಲೆ ಕೈಹಾಕಿ ತುಸು ದೂರ ಹೋಗುತ್ತಾರೆ. ಒಬ್ಬ ಮಾವು, ಇನ್ನೊಬ್ಬ ಹಲಸು ಎಂದು ಗುಟ್ಟಾಗಿ ಹೆಸರಿಟ್ಟುಕೊಂಡು ಬರುತ್ತಾರೆ. “ಮಾವು ಬೇಕೋ ಹಲಸು ಬೇಕೋ” ಎಂದು ನಾಯಕನನ್ನು ಕೇಳುತ್ತಾರೆ. ಅವನು ಹಣ್ಣನ್ನು ಆರಿಸುತ್ತಾನೆ, ಹುಡುಗನನ್ನಲ್ಲ. ಮುಂದಿನ ಜೋಡಿ ಎದುರು ನಾಯಕನನ್ನು ಕೇಳುತ್ತದೆ. ಎರಡೂ ಕಡೆ ಬಲ ಸಮನಾಗಿ ಹಂಚಿಹೋಗುತ್ತದೆ. ಯಾರ ಮುಖಕ್ಕೂ ಬೆಲೆ ಕಟ್ಟಿದಂತಾಗುವುದಿಲ್ಲ. ಒಬ್ಬ ಬೆಸವಾಗಿ ಉಳಿದರೆ ಅವನು ಎರಡೂ ಕಡೆಗೆ ಸಲ್ಲುವ ಆಟಗಾರನಾಗುತ್ತಾನೆ. ತನ್ನ ಬಲಕ್ಕೆ ಸಮನಾದ ಜೋಡಿಯನ್ನು ತಾನೇ ಹುಡುಕಿಕೊಳ್ಳುವಾಗ ಮಗು ತನ್ನನ್ನು ತಾನು ಪ್ರಾಮಾಣಿಕವಾಗಿ ಅಳೆದುಕೊಳ್ಳುತ್ತದೆ. ಆ ಅಳತೆಯಲ್ಲಿ ಅವಮಾನವಿಲ್ಲ. ಅಕ್ಷರ ಬಲ್ಲವರ ಶಾಲೆಗೆ ಬಂದಾಗ ಈ ಪದ್ಧತಿ ಮರೆತುಹೋದದ್ದು ವಿಚಿತ್ರ.

ಬೇರೆ ದಾರಿಗಳೂ ಇವೆ. ಸಾಲಿನಲ್ಲಿ ನಿಂತವರು ಒಂದು, ಎರಡು ಎಂದು ಎಣಿಸಿ ಒಂದರವರು ಒಂದು ಕಡೆ, ಎರಡರವರು ಇನ್ನೊಂದು ಕಡೆ ಹೋಗಬಹುದು. ಶಿಕ್ಷಕರು ಹಿಂದಿನ ದಿನವೇ ಪಟ್ಟಿ ಮಾಡಿ ತರಬಹುದು. ನಾಯಕನ ಸ್ಥಾನ ಹಾಜರಿ ಪುಸ್ತಕದ ಕ್ರಮದಲ್ಲಿ ಎಲ್ಲರಿಗೂ ಒಮ್ಮೆ ಬರುವಂತೆ ಮಾಡಬಹುದು. ಆರಿಸುವ ಜಾಗದಲ್ಲಿ ಒಮ್ಮೆ ನಿಂತವನಿಗೆ ಆರಿಸಿಕೊಳ್ಳದವನ ನೋವು ಬೇಗ ತಿಳಿಯುತ್ತದೆ. ಆಟ ಮುಗಿದ ಮೇಲೆ ಎರಡು ನಿಮಿಷ ವೃತ್ತಾಕಾರವಾಗಿ ಕುಳಿತು, ಪ್ರತಿಯೊಬ್ಬರೂ ಇನ್ನೊಬ್ಬರಲ್ಲಿ ಅಂದು ಕಂಡ ಒಂದು ಒಳ್ಳೆಯ ಅಂಶವನ್ನು ಹೇಳಬಹುದು. ಎಲ್ಲ ಜೀವಗಳಲ್ಲಿ ಮೈತ್ರಿ, ಗುಣವಂತರಲ್ಲಿ ಪ್ರಮೋದ, ನೊಂದವರಲ್ಲಿ ಕಾರುಣ್ಯ, ತಿದ್ದಲಾಗದವರಲ್ಲಿ ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳಲ್ಲಿ ಮೊದಲ ಮೂರಕ್ಕೆ ಇದರಿಂದ ನೇರ ಅಭ್ಯಾಸ ದೊರೆಯುತ್ತದೆ. ನಾಲ್ಕನೆಯದು ನೊಂದ ಮಗುವಿಗೇ ಬೇಕಾದೀತು: ಹೀಯಾಳಿಸುವವನ ಮಾತಿಗೆ ಸಿಟ್ಟಿನಿಂದ ಉರಿಯದೆ, ಅದನ್ನು ಸತ್ಯವೆಂದೂ ನಂಬದೆ, ತನ್ನ ಅಭ್ಯಾಸವನ್ನು ಬಿಡದೆ ನಡೆಯುವ ಶಕ್ತಿ ಅದರಿಂದ ಬರುತ್ತದೆ.

ಮನೆಯ ಪಾಲೂ ಕಡಿಮೆಯದಲ್ಲ. ಸಂಜೆ ಮನೆಗೆ ಬಂದ ಮಗುವನ್ನು “ಗೆದ್ದೆಯಾ” ಎಂದು ಕೇಳುವುದು ವಾಡಿಕೆ. “ಇವತ್ತು ಯಾರನ್ನು ಜೊತೆಗೆ ಸೇರಿಸಿಕೊಂಡೆ” ಎಂದು ಒಮ್ಮೆ ಕೇಳಿ ನೋಡಬಹುದು. ಪ್ರಶ್ನೆ ಬದಲಾದರೆ ಮರುದಿನ ಬಯಲಿನಲ್ಲಿ ಮಗುವಿನ ಕಣ್ಣು ಹುಡುಕುವುದೂ ಬದಲಾಗುತ್ತದೆ. ತಪ್ಪಿ ನಡೆದಿದ್ದರೆ, ಕ್ಷಮಾವಾಣಿಯ ದಿನಕ್ಕಾಗಿ ವರ್ಷವಿಡೀ ಕಾಯಬೇಕಾಗಿಲ್ಲ. ಸಂಜೆಯ ಪ್ರತಿಕ್ರಮಣದಲ್ಲಿ ದಿನದ ದೋಷಗಳನ್ನು ನೆನೆಯುವಾಗ ಆಟದ ಅವಧಿಯನ್ನೂ ನೆನೆಯುವುದನ್ನು ಮಕ್ಕಳಿಗೆ ಹೇಳಿಕೊಡಬಹುದು.

ತೀರ್ಥಂಕರರ ಸಮವಸರಣದಲ್ಲಿ ಹನ್ನೆರಡು ಕೋಷ್ಠಗಳು. ದೇವತೆಗಳು, ಮುನಿಗಳು, ಮನುಷ್ಯರು ಮಾತ್ರವಲ್ಲ, ಪಶುಪಕ್ಷಿಗಳಿಗೂ ಅಲ್ಲಿ ಒಂದು ಕೋಷ್ಠ ಮೀಸಲು. ಬಂದವರಲ್ಲಿ ಯಾರು ಯೋಗ್ಯರೆಂದು ಬಾಗಿಲಲ್ಲಿ ನಿಂತು ಹೆಸರು ಕೂಗಿ ಆರಿಸುವವರು ಅಲ್ಲಿಲ್ಲ; ಬಂದ ಪ್ರತಿಯೊಂದು ಜೀವಕ್ಕೂ ಕೂರಲು ಜಾಗವಿದೆ. ಬಸದಿಯ ಗೋಡೆಯಲ್ಲಿ ಆ ಚಿತ್ರವನ್ನು ಕಂಡು ಕೈಮುಗಿಯುವ ಕುಟುಂಬಗಳ ಮಕ್ಕಳು ಶಾಲೆಯ ಬಯಲಿನಲ್ಲಿ ಇನ್ನೊಂದು ಮಗುವಿಗೆ ಜಾಗ ಮಾಡಿಕೊಟ್ಟರೆ, ಆ ಕೈಮುಗಿದದ್ದು ಸಾರ್ಥಕ.